ಮಣ್ಣಾಗುವ ಕುಂಡ

ಶಾಲೆಯಲ್ಲಿ ಪರಿಸರದ ಪ್ರಾಜೆಕ್ಟ್ ಕೊಟ್ಟ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದಿದೆ: "ಅಮ್ಮಾ, ಬಯೋಡಿಗ್ರೇಡಬಲ್‌ಗೆ ಕನ್ನಡದಲ್ಲಿ ಏನಂತಾರೆ?" ನಾವು ಫೋನ್ ತೆಗೆದು ಹುಡುಕುತ್ತೇವೆ. "ಜೈವಿಕ ವಿಘಟನೀಯ" ಎಂದು ಉತ್ತರ ಬರುತ್ತದೆ. ಮಗು ಒಂದು ಸಲ ಹೇಳಲು ಹೋಗಿ, ನಾಲಿಗೆ ತೊಡರಿ, ನಕ್ಕು, ಇಂಗ್ಲಿಷಿಗೇ ಮರಳುತ್ತದೆ. ಕನ್ನಡದಲ್ಲಿ ವಿಜ್ಞಾನ ಕಷ್ಟ ಅನ್ನುವ ಭಾವನೆ ಅದರ ಮನಸ್ಸಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.

ಪಠ್ಯಪುಸ್ತಕದ ಆ ಪದ ತಪ್ಪೇನಲ್ಲ. ಆದರೆ ಅದಕ್ಕಿಂತ ಮೊದಲು ಮಗುವಿಗೆ ಕೊಡಬೇಕಾದ ಪದ ಇನ್ನೊಂದಿದೆ: ಮಣ್ಣಾಗು. ಎಲೆ ಮಣ್ಣಾಗುತ್ತದೆ. ಬಾಳೆಹಣ್ಣಿನ ಸಿಪ್ಪೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವ ಈ ಪದದೊಳಗೇ ಒಂದು ಪರೀಕ್ಷೆಯೂ ಅಡಗಿದೆ. ಒಂದು ವಸ್ತು ಚೂರಾಯಿತೋ, ಕರಗಿತೋ, ಕೊಳೆಯಿತೋ, ಅಥವಾ ನಿಜವಾಗಿಯೂ ಮಣ್ಣಾಯಿತೋ? ಈ ನಾಲ್ಕೂ ಬೇರೆ ಬೇರೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಬಕೆಟ್ ಚೂರಾಗುತ್ತದೆ. ಟೊಮೇಟೊ ಕೊಳೆಯುತ್ತದೆ. ಕೊಳೆತದ್ದು ಸೂಕ್ಷ್ಮಜೀವಿಗಳ, ಎರೆಹುಳುಗಳ ಹೊಟ್ಟೆ ಸೇರಿ ಕೊನೆಗೆ ಮಣ್ಣಾಗುತ್ತದೆ.

ಈ ತಿಂಗಳ ಅಂಕಣದಲ್ಲಿ ನಿಮಗೊಂದು ದೀರ್ಘ ಪ್ರಯೋಗ ಕೊಡುತ್ತಿದ್ದೇನೆ: ಪ್ಲಾಸ್ಟಿಕ್ ಕುಂಡದ ಬದಲಿಗೆ ಮಣ್ಣಾಗುವ ಕುಂಡವನ್ನು ಮಕ್ಕಳೇ ರೂಪಿಸುವುದು, ಅವರೇ ಪರೀಕ್ಷಿಸುವುದು. ಎರಡು ತಿಂಗಳು ಹಿಡಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು.

ಇದಕ್ಕೆ ನಾನು ಇಷ್ಟು ಒತ್ತು ಕೊಡಲು ಒಂದು ಕಾರಣವಿದೆ. ಒಂದು ದಿನ ನೀವು ಮಗುವಿನ ಜೊತೆ ಆಡುವ ಕನ್ನಡವನ್ನು ಸುಮ್ಮನೆ ಎಣಿಸಿ ನೋಡಿ. "ಬಾ, ತಿನ್ನು, ಹಲ್ಲುಜ್ಜು, ಶೂ ಹಾಕ್ಕೋ, ಮಲಕ್ಕೋ." ಹೆಚ್ಚಿನವು ಅಪ್ಪಣೆಗಳೇ. ಇವು ಮಗುವಿಗೆ ಅರ್ಥವಾಗುತ್ತವೆ, ಆದರೆ ಇವಕ್ಕೆ ಉತ್ತರ ಕೊಡಬೇಕಿಲ್ಲ, ಎದ್ದು ಹೋದರೆ ಸಾಕು. ಊಹಿಸುವುದು, ಹೋಲಿಸುವುದು, ಕಾರಣ ಹೇಳುವುದು, ವಾದ ಮಾಡುವುದು ಎಲ್ಲ ಶಾಲೆಯ ಭಾಷೆಯ ಪಾಲಾಗಿಬಿಡುತ್ತದೆ. ಹತ್ತು ವರ್ಷಕ್ಕೆ ಮಗು "ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ" ಅನ್ನುವ ಹಂತಕ್ಕೆ ಬಂದು ನಿಲ್ಲುವುದು ಹೀಗೆ. ಕನ್ನಡಕ್ಕೆ ಮನೆಯಲ್ಲಿ ಒಂದು ಕೆಲಸ ಬೇಕು. ಈ ಕುಂಡ ಅಂಥದೊಂದು ಕೆಲಸ.

ಕಪ್ಪು ಕುಂಡದ ಸಮಸ್ಯೆ

ನರ್ಸರಿಯಿಂದ ತಂದ ಸಸಿಗಳ ಜೊತೆ ಬರುವ ಕಪ್ಪು ಕುಂಡಗಳು ನಿಮ್ಮ ಗರಾಜಿನಲ್ಲೋ ಬಾಲ್ಕನಿಯ ಮೂಲೆಯಲ್ಲೋ ಒಂದರೊಳಗೊಂದು ಕೂತಿರಬೇಕು. ಬಿಸಾಡಲು ಮನಸ್ಸಿಲ್ಲ, ರೀಸೈಕ್ಲಿಂಗ್ ಡಬ್ಬಿಗೆ ಹಾಕಿದರೂ ಎಷ್ಟೋ ಕಡೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಕಾರಣ ಬಣ್ಣ. ಕುಂಡಕ್ಕೆ ಕಪ್ಪು ಬಣ್ಣ ಕೊಡಲು ಮಸಿಯಂಥ ಇಂಗಾಲದ ಪುಡಿ ಬೆರೆಸುತ್ತಾರೆ. ಕಸ ವಿಂಗಡಿಸುವ ಯಂತ್ರಗಳು ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಹೇಗೆ ಮರಳಿ ಬರುತ್ತದೆ ಎಂದು ನೋಡಿ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುತ್ತವೆ. ಕಪ್ಪು ಪುಡಿ ಆ ಬೆಳಕನ್ನು ನುಂಗಿಬಿಡುತ್ತದೆ. ಯಂತ್ರದ ಕಣ್ಣಿಗೆ ಕುಂಡ ಕಾಣುವುದೇ ಇಲ್ಲ. ಬ್ರಿಟನ್ನಿನ ಅನೇಕ ಬೆಳೆಗಾರರು ಕಪ್ಪು ಬಿಟ್ಟು ಬೂದುಗಂದು ಬಣ್ಣದ ಕುಂಡಕ್ಕೆ ಬದಲಾಗಿದ್ದು ಇದಕ್ಕಾಗಿಯೇ.

ಊರಿನ ಕಡೆಯ ಕಥೆ ಇದಕ್ಕಿಂತ ಬೇರೆಯಲ್ಲ. ಅಡಿಕೆ ಸಸಿ, ಕಾಫಿ ಗಿಡ, ಕರಿಬೇವು ಎಲ್ಲವೂ ಕಪ್ಪು ಪಾಲಿಥೀನ್ ಚೀಲದಲ್ಲಿ ಬೆಳೆದೇ ಬರುತ್ತವೆ. ನೆಡುವಾಗ ಚೀಲ ಹರಿದು ಪಕ್ಕಕ್ಕೆ ಎಸೆಯುತ್ತಾರೆ. ತೋಟದ ಮಣ್ಣು ಕೆದಕಿದರೆ ಹಳೆಯ ಚೀಲದ ತುಂಡು ಸಿಗುವುದು ಅಪರೂಪವೇನಲ್ಲ.

ಒಂದೇ ಕುಂಡ, ಎರಡು ಕೆಲಸ

ಮಣ್ಣಾಗುವ ಕುಂಡ ಮಾಡುವುದರಲ್ಲಿರುವ ನಿಜವಾದ ತೊಡಕನ್ನು ಮಗುವಿಗೆ ಮೊದಲೇ ಹೇಳಿಬಿಡಿ. ಕಿಟಕಿಯ ಬಳಿ ಇರುವಾಗ ಕುಂಡ ಗಟ್ಟಿಯಾಗಿರಬೇಕು. ದಿನಾ ನೀರು ಬಿದ್ದರೂ ಕುಸಿಯಬಾರದು. ನೆಲದಲ್ಲಿ ನೆಟ್ಟ ಮೇಲೆ ಅದೇ ಕುಂಡ ಮೆತ್ತಗಾಗಬೇಕು, ಬೇರಿಗೆ ದಾರಿ ಬಿಡಬೇಕು, ಕೊನೆಗೆ ಇಲ್ಲವಾಗಬೇಕು. ಎರಡೂ ಕಡೆ ಇರುವುದು ನೀರು ಮತ್ತು ಮಣ್ಣೇ. ಒಂದು ಕಡೆ ಸೋಲಬಾರದು, ಇನ್ನೊಂದು ಕಡೆ ಸೋಲಲೇಬೇಕು.

ಅಂಗಡಿಯಲ್ಲಿ ಸಿಗುವ ಒಂದೊಂದು ಕುಂಡವೂ ಈ ಒಗಟಿಗೆ ಒಂದೊಂದು ಉತ್ತರ. ಗಾರ್ಡನ್ ಸೆಂಟರಿಗೆ ಹೋದಾಗ ಮಗುವಿನ ಕೈಗೆ ಕೊಟ್ಟು ಮುಟ್ಟಿಸಿ.

ಪೀಟ್ ಕುಂಡ ಹಗುರ, ಬೇರು ಸುಲಭವಾಗಿ ಹಾಯುತ್ತದೆ. ಆದರೆ ಪೀಟ್ ಎಂದರೆ ತಂಪು ದೇಶಗಳ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಸಸ್ಯರಾಶಿ. ಅದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಅಗೆದರೆ ಅದರಲ್ಲಿ ಕೂಡಿಟ್ಟಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಕುಂಡ ಮಣ್ಣಾಯಿತು ನಿಜ, ಅದಕ್ಕಾಗಿ ಒಂದು ಜೌಗುನೆಲ ಬರಿದಾಯಿತು.

ತೆಂಗಿನ ನಾರಿನ ಕುಂಡ ಗಟ್ಟಿ, ಬೇಗ ಕೊಳೆಯದು. ಬಾವಿಯ ಹಗ್ಗವನ್ನು ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಒದ್ದೆಯಾದರೂ ಅದು ನೀರು ಸೇದುತ್ತಿತ್ತು. ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ಅಂಶ ಹೆಚ್ಚು, ಸೂಕ್ಷ್ಮಜೀವಿಗಳಿಗೆ ಅದು ಸುಲಭದ ತುತ್ತಲ್ಲ. ತಿಪಟೂರು, ಅರಸೀಕೆರೆ ಕಡೆಯಿಂದ ಬಂದವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹೈನುಗಾರ ಕುಟುಂಬವೊಂದು ಸಗಣಿಯ ನಾರನ್ನು ಅಚ್ಚಿಗೆ ಒತ್ತಿ "ಕೌಪಾಟ್ಸ್" ಎಂಬ ಹೆಸರಿನಲ್ಲಿ ಕುಂಡ ಮಾಡಿ ಮಾರುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ. ಆಗ ಬೆರಣಿಯ ಬಗ್ಗೆ, ಸಗಣಿ ಸಾರಿಸಿದ ಬಿದಿರಿನ ಬುಟ್ಟಿ, ಮೊರಗಳ ಬಗ್ಗೆ ಹೇಳಿ. ಬುಟ್ಟಿಯ ಸಂದು ಮುಚ್ಚಲು ನಮ್ಮ ಹಿರಿಯರು ಬಳಸಿದ್ದೂ ಅದೇ ನಾರಿನ ಗುಣವನ್ನೇ.

ಇನ್ನು ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ. ನೋಡಲು ಪ್ಲಾಸ್ಟಿಕ್ಕಿನಂತೆಯೇ ಇರುತ್ತದೆ. ಚೀಟಿಯ ಮೇಲೆ ಹಸಿರು ಎಲೆ, "ಕಾಂಪೋಸ್ಟಬಲ್" ಎಂಬ ಮಾತು. ಆದರೆ ಅದು ಸರಿಯಾಗಿ ಕೊಳೆಯಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಂಥ ಬಿಸಿ ದೊಡ್ಡ ಗೊಬ್ಬರದ ಘಟಕಗಳಲ್ಲಿ ಇರುತ್ತದೆ, ನಿಮ್ಮ ಹಿತ್ತಲಿನಲ್ಲಿ ಇರುವುದಿಲ್ಲ. ಹಿತ್ತಲಲ್ಲಿ ಹೂತರೆ ವರ್ಷಗಳ ನಂತರವೂ ಸಿಗಬಹುದು.

ಆದ್ದರಿಂದ ಚೀಟಿ ಓದುವಾಗ ಮಗುವಿಗೆ ಎರಡು ಪ್ರಶ್ನೆ ಕಲಿಸಿ: "ಎಲ್ಲಿ ಮಣ್ಣಾಗುತ್ತೆ? ಎಷ್ಟು ದಿನಕ್ಕೆ?" ಈ ಎರಡಕ್ಕೆ ಉತ್ತರವಿಲ್ಲದ ಹಸಿರು ಎಲೆ ಬರೀ ಚಿತ್ರ. ಯುರೋಪಿನ ಇಎನ್ 13432 ಎಂಬ ಮಾನದಂಡ ಈ ಪ್ರಶ್ನೆಗಳನ್ನೇ ಕೇಳುತ್ತದೆ. ಗೊಬ್ಬರದ ಘಟಕದಲ್ಲಿ 12 ವಾರ ಇಟ್ಟ ಮೇಲೆ 2 ಮಿಲಿಮೀಟರ್ ಕಣ್ಣಿನ ಜರಡಿ ಹಿಡಿದರೆ ಶೇಕಡಾ 90ರಷ್ಟಾದರೂ ಕೆಳಗೆ ಇಳಿದಿರಬೇಕು. ಅಷ್ಟೇ ಸಾಲದು. ಸೂಕ್ಷ್ಮಜೀವಿಗಳು ಅದನ್ನು ತಿಂದು ಉಸಿರಾಗಿ ಬಿಟ್ಟಿವೆಯೇ ಎಂದೂ ಅಳೆಯುತ್ತಾರೆ. ಆ ಗೊಬ್ಬರದಲ್ಲಿ ಗಿಡ ಚೆನ್ನಾಗಿ ಬೆಳೆಯಬೇಕೆಂಬುದೂ ನಿಯಮ. ಚೂರಾಗುವುದು ಬೇರೆ, ಮಣ್ಣಾಗುವುದು ಬೇರೆ ಅನ್ನುವುದನ್ನು ಪ್ರಯೋಗಾಲಯವೂ ಒಪ್ಪಿದೆ. ಅಜ್ಜಿ ರಾಗಿಹಿಟ್ಟಿಗೆ ಹಿಡಿಯುತ್ತಿದ್ದ ಜರಡಿಯನ್ನೇ ಅಲ್ಲಿಯೂ ಹಿಡಿಯುತ್ತಾರೆ ಎಂದು ಮಗುವಿಗೆ ಹೇಳಿ ನೋಡಿ.

ಮನೆಯಲ್ಲೇ ಐದು ಕುಂಡ

1. ಪತ್ರಿಕೆಯ ಕುಂಡ. ಕಾಗದವನ್ನು ಎರಡು ಪದರ ಮಡಚಿ ಸ್ಟೀಲ್ ಲೋಟಕ್ಕೆ ಸುತ್ತಿ, ತಳ ಮಡಚಿ ಒತ್ತಿ, ಲೋಟ ಹೊರತೆಗೆಯಿರಿ. ಹೊಳಪಿನ ಕಾಗದ ಬೇಡ.

2. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆ. ಒಂದು ತುದಿಯಲ್ಲಿ ನಾಲ್ಕು ಕಡೆ ಕತ್ತರಿಸಿ ಒಳಕ್ಕೆ ಮಡಚಿದರೆ ತಳವಾಯಿತು.

3. ಗಂಜಿ ಕುಂಡ. ಒಂದು ಕಪ್ ನೀರಿಗೆ ಎರಡು ದೊಡ್ಡ ಚಮಚ ಮೈದಾ ಅಥವಾ ಅಕ್ಕಿಹಿಟ್ಟು ಕದಡಿ ಒಲೆಯ ಮೇಲಿಟ್ಟು ಅಂಟಾಗುವವರೆಗೆ ತಿರುವಿ. ಸಿನಿಮಾ ಪೋಸ್ಟರ್ ಹಚ್ಚಲು ಬಳಸುತ್ತಿದ್ದ ಅಂಟು ಇದೇ. ಅದಕ್ಕೆ ಎರಡು ಕಪ್ ಹಿಂಡಿದ ಟೀ ಚರಟ ಅಥವಾ ತೆಂಗಿನ ನಾರಿನ ಪುಡಿ ಕಲಸಿ. ಲೋಟದೊಳಗೆ ಹಳೆಯ ಬಟ್ಟೆ ಹಾಸಿ, ಅದರ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಒತ್ತಿ. ಬಟ್ಟೆ ಹಿಡಿದು ಮೇಲೆತ್ತಿ, ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿ. ಬಿಸಿಲಿಲ್ಲದ ಊರಿನವರು ಬಟ್ಟೆ ಬಿಡಿಸಿ, ಓವನ್ನನ್ನು ಸಣ್ಣ ಉರಿಯಲ್ಲಿಟ್ಟು ಒಣಗಿಸಬಹುದು, ಅದು ದೊಡ್ಡವರ ಕೆಲಸ. ಆಟದ ಹಿಟ್ಟಿಗೆ ಹಾಕುವಂತೆ ಇದಕ್ಕೆ ಉಪ್ಪು ಹಾಕಬೇಡಿ. ಉಪ್ಪಿನಲ್ಲಿ ಸಸಿ ಬಾಳುವುದಿಲ್ಲ.

4. ದೊನ್ನೆ ಅಥವಾ ಅಡಿಕೆ ಹಾಳೆಯ ಬಟ್ಟಲು. ವಿದೇಶದ ಅಂಗಡಿಗಳಲ್ಲಿ "ಪಾಮ್ ಲೀಫ್ ಬೌಲ್" ಎಂಬ ಹೆಸರಿನಲ್ಲಿ ಸಿಗುತ್ತದೆ. ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಆಯಿತು. ಅಂಟು ಬೇಕಿಲ್ಲ. ಮದುವೆ ಊಟದಲ್ಲಿ ಪಾಯಸ ಕುಡಿದ ದೊನ್ನೆಯ ಕಥೆ ಹೇಳಲು ಇದೇ ಸಮಯ.

5. ಮೊಸರಿನ ಪ್ಲಾಸ್ಟಿಕ್ ಕಪ್. ಇದು ಹೋಲಿಕೆಗೆ. ಇದಿಲ್ಲದಿದ್ದರೆ ಉಳಿದವು ಚೆನ್ನಾಗಿವೆಯೋ ಇಲ್ಲವೋ ಎಂದು ಯಾವುದರ ಜೊತೆ ಅಳೆಯುತ್ತೀರಿ?

ಎಲ್ಲಕ್ಕೂ ತಳದಲ್ಲಿ ಒಂದೇ ಅಳತೆಯ ತೂತು, ಒಳಗೆ ಅದೇ ಮಣ್ಣು, ಅಳೆದು 100 ಮಿಲಿಲೀಟರ್. ಒಂದೊಂದು ಬಗೆಯದೂ ಮೂರು ಮೂರು ಇರಲಿ. ಒಂದೇ ಕುಂಡ ಇಟ್ಟು ಅದು ಬಿದ್ದರೆ ಕುಂಡ ಕೆಟ್ಟದ್ದೋ, ತಮ್ಮ ಚೆಂಡು ಎಸೆದನೋ ಗೊತ್ತಾಗುವುದಿಲ್ಲ. ಜಾಗ ಕಡಿಮೆಯಿದ್ದರೆ ಬಗೆ ಕಡಿಮೆ ಮಾಡಿ, ಮೂರರ ಲೆಕ್ಕ ಬಿಡಬೇಡಿ.

ಬಿತ್ತಲು ಒಗ್ಗರಣೆ ಡಬ್ಬಿಯ ಸಾಸಿವೆ, ಕುಂಡಕ್ಕೆ ಹತ್ತು ಕಾಳು. ಅಲಸಂದೆ, ಹೆಸರುಕಾಳು ಇನ್ನೂ ಚೆಂದವಾಗಿ ಮೊಳೆಯುತ್ತವಲ್ಲ ಅನ್ನಬಹುದು. ಅವು ಈ ಪ್ರಯೋಗಕ್ಕೆ ಬೇಡ. ಕಾಳು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಮೊದಲ ಕೆಲವು ವಾರ ಮಣ್ಣು ಹೇಗಿದ್ದರೂ ಅದಕ್ಕೆ ಚಿಂತೆಯಿಲ್ಲ. ಸಾಸಿವೆಯ ಬುತ್ತಿ ಸಣ್ಣದು, ಬೇಗ ಖಾಲಿಯಾಗುತ್ತದೆ. ಕುಂಡದಿಂದ ಏನಾದರೂ ತೊಂದರೆಯಾದರೆ ಅದು ಮೊದಲು ಹೇಳುತ್ತದೆ.

ನಾಲ್ಕು ಪರೀಕ್ಷೆ

ಪ್ರತಿ ಪರೀಕ್ಷೆಗೂ ಮುಂಚೆ ಊಹೆ ಬರೆಸಿ. "ಯಾವುದು ಮೊದಲು ಬೀಳುತ್ತೆ ಅನ್ಸುತ್ತೆ? ಯಾಕೆ?" ಬರೆಯಲು ಬಾರದ ಮಗು ಹೇಳಲಿ, ನೀವು ಬರೆಯಿರಿ. ಮನೆಯವರೆಲ್ಲ ಊಹೆ ಬರೆದರೆ ಇನ್ನೂ ಒಳ್ಳೆಯದು. ಅಪ್ಪನ ಊಹೆ ಸುಳ್ಳಾದ ದಿನ ಮಗು ಕನ್ನಡದಲ್ಲೇ ಕುಣಿಯುತ್ತದೆ.

ಮೊದಲನೆಯದು, ನೀರಿನ ಪರೀಕ್ಷೆ. ಪ್ರತಿ ಕುಂಡಕ್ಕೂ 30 ಮಿಲಿಲೀಟರ್ ನೀರು ಹಾಕಿ, ತಟ್ಟೆಯ ಸಮೇತ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿ. 1 ಮಿಲಿಲೀಟರ್ ನೀರಿನ ತೂಕ 1 ಗ್ರಾಂ. ಎಷ್ಟು ಗ್ರಾಂ ಕಡಿಮೆಯಾಯಿತೋ ಅಷ್ಟು ನೀರು ಆರಿಹೋಯಿತು. ಪ್ಲಾಸ್ಟಿಕ್ ಕಪ್ಪಿನಲ್ಲಿ ನೀರು ಮೇಲಿನಿಂದ ಮಾತ್ರ ಆರುತ್ತದೆ, ಕಾಗದದ ಕುಂಡದಲ್ಲಿ ಗೋಡೆಯಿಂದಲೂ ಆರುತ್ತದೆ. ಮಣ್ಣಾಗುವ ಕುಂಡಗಳಿಗೆ ಸಾಮಾನ್ಯವಾಗಿ ಹೆಚ್ಚು ನೀರು ಬೇಕಾಗುವುದು ಇದಕ್ಕೇ. ದುಬೈ, ಮಸ್ಕತ್ತಿನಲ್ಲಿರುವವರು ಈ ಅಂಕಿಯನ್ನು ಗಮನವಿಟ್ಟು ನೋಡಿ. ಪ್ಲಾಸ್ಟಿಕ್ ಉಳಿಸಲು ಹೋಗಿ ನೀರು ಖರ್ಚಾಗುತ್ತಿದೆಯೇ? ಇದು ಮಗುವಿನ ಜೊತೆ ನಿಜವಾಗಿಯೂ ವಾದ ಮಾಡಬಹುದಾದ ಪ್ರಶ್ನೆ.

ಎರಡನೆಯದು, ಗಟ್ಟಿತನ. ಖಾಲಿ ಕುಂಡ ಬೋರಲು ಹಾಕಿ, ಮೇಲೊಂದು ತಟ್ಟೆಯಿಟ್ಟು, ಅಕ್ಕಿಯನ್ನು ಲೋಟ ಲೋಟವಾಗಿ ಸುರಿಯಿರಿ. ಎಷ್ಟು ಲೋಟಕ್ಕೆ ಕುಸಿಯಿತು? ಒಣ ಕುಂಡದಲ್ಲಿ ಒಮ್ಮೆ, ಒಂದು ಗಂಟೆ ನೀರಿನಲ್ಲಿ ನೆನೆಸಿದ ಕುಂಡದಲ್ಲಿ ಇನ್ನೊಮ್ಮೆ. ಗಂಜಿ ಕುಂಡ ಒಣಗಿದಾಗ ಬೀಗುತ್ತದೆ, ನೆನೆದಾಗ ಬಾಗುತ್ತದೆ. ಇದು ಕೊಳೆತದ್ದಲ್ಲ, ಅಂಟು ನೀರಿಗೆ ಸಡಿಲವಾದದ್ದು. ಈ ವ್ಯತ್ಯಾಸವನ್ನು ಮಗುವೇ ಹೇಳುವಂತಾದರೆ ಅರ್ಧ ಪಾಠ ಮುಗಿದಂತೆ.

ಮೂರನೆಯದು, ಗಿಡದ ಆರೋಗ್ಯ. ಎಷ್ಟು ಕಾಳು ಮೊಳೆತವು, ಮೂರು ವಾರಕ್ಕೆ ಎಷ್ಟು ಎತ್ತರ, ಎಲೆಯ ಬಣ್ಣ ಹೇಗಿದೆ. ಕಾಗದದ ಕುಂಡದ ಸಸಿಯಲ್ಲಿ ಕೆಳಗಿನ ಎಲೆ ಹಳದಿಯಾದರೆ ಗಾಬರಿ ಬೇಡ, ಕಾರಣ ಹುಡುಕಿ. ಕಾಗದದಲ್ಲಿ ಇಂಗಾಲ ಬಹಳ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳಿಗೆ ಸಾರಜನಕವೂ ಬೇಕು, ಮಣ್ಣಿನಿಂದ ಎತ್ತಿಕೊಳ್ಳುತ್ತವೆ. ಗಿಡದ ಪಾಲಿಗೆ ಕಡಿಮೆಯಾಗುತ್ತದೆ. ಅನ್ನಕ್ಕೆ ಸಾರು ಬೇಕಲ್ಲ, ಹಾಗೆ. ಬರೀ ಅನ್ನ ಬಡಿಸಿದರೆ ಅವು ಪಕ್ಕದ ಎಲೆಯ ಸಾರಿಗೆ ಕೈ ಹಾಕುತ್ತವೆ. ಮೂರು ವಾರದ ಕೊನೆಗೆ ಒಂದೊಂದು ಬಗೆಯಲ್ಲಿ ಒಂದು ಕುಂಡವನ್ನು ಸೀಳಿ ಬೇರು ನೋಡಿ. ಪ್ಲಾಸ್ಟಿಕ್ಕಿನಲ್ಲಿ ಬೇರು ಗೋಡೆಗುಂಟ ಸುತ್ತುತ್ತದೆ. ಗಾಳಿಯಾಡುವ ಗೋಡೆಯಿದ್ದರೆ ಅಂಚಿಗೆ ಬಂದ ಬೇರಿನ ತುದಿ ಒಣಗಿ, ಒಳಗೆ ಹೊಸ ಕವಲು ಒಡೆಯುತ್ತದೆ.

ನಾಲ್ಕನೆಯದು, ಹೂಳುವ ಪರೀಕ್ಷೆ. ಪ್ರಯೋಗದ ಜೀವಾಳ ಇದೇ. ಐದೂ ವಸ್ತುಗಳಿಂದ 5 ಸೆಂಟಿಮೀಟರ್ ಚೌಕದ ತುಂಡುಗಳನ್ನು ಮೂರು ಮೂರು ಕತ್ತರಿಸಿ. ಅಷ್ಟೇ ಅಳತೆಯ ಹತ್ತಿಬಟ್ಟೆಯ ತುಂಡುಗಳನ್ನೂ ಸೇರಿಸಿ, ಅಪ್ಪನ ಹಳೆಯ ಬನಿಯನ್ ಆದೀತು. ಒಂದೊಂದು ತುಂಡನ್ನೂ ಕಿತ್ತಳೆ, ಈರುಳ್ಳಿ ಬರುವ ಬಲೆಚೀಲದಲ್ಲಿಟ್ಟು 10 ಸೆಂಟಿಮೀಟರ್ ಆಳಕ್ಕೆ ಹೂಳಿ, ಕಡ್ಡಿ ನೆಟ್ಟು ಗುರುತು ಮಾಡಿ. ಬಲೆ ಪ್ಲಾಸ್ಟಿಕ್ಕಿನದು, ಕೊಳೆಯುವುದಿಲ್ಲ. ಇಲ್ಲಿ ನಮಗೆ ಬೇಕಾದದ್ದೂ ಅದೇ. ಎರಡು, ನಾಲ್ಕು, ಎಂಟನೆಯ ವಾರಕ್ಕೆ ಒಂದೊಂದು ತುಂಡು ತೆಗೆದು, ಮೆಲ್ಲಗೆ ತೊಳೆದು, ಚೌಕಳಿ ಹಾಳೆಯ ಮೇಲಿಡಿ. ಮೊದಲು 25 ಚೌಕ ಇತ್ತು, ಈಗ ಎಷ್ಟು ಉಳಿದಿದೆ?

ಬನಿಯನ್ ಏಕೆ? ಹತ್ತಿ ಮಣ್ಣಾಗುತ್ತದೆ ಎಂದು ನಮಗೆ ಮೊದಲೇ ಗೊತ್ತು. ಎಂಟು ವಾರದ ನಂತರವೂ ಬನಿಯನ್ ಹೊಸದರಂತಿದ್ದರೆ ನಿಮ್ಮ ಮಣ್ಣು ತೀರಾ ತಣ್ಣಗಿದೆ, ಅಥವಾ ಒಣಗಿದೆ, ಅಥವಾ ಅದರಲ್ಲಿ ಜೀವ ಕಡಿಮೆ. ಆಗ ಕುಂಡ ಮಣ್ಣಾಗಲಿಲ್ಲ ಎಂದು ಕುಂಡವನ್ನು ದೂರುವಂತಿಲ್ಲ. ಕೆನಡಾ, ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಮಣ್ಣಿನ ಆರೋಗ್ಯ ನೋಡಲು ರೈತರು, ಶಾಲಾ ಮಕ್ಕಳು ಹತ್ತಿಯ ಚಡ್ಡಿಯನ್ನೇ ಹೂತು ಎರಡು ತಿಂಗಳ ನಂತರ ಅಗೆದು ನೋಡಿದ್ದಾರೆ. ಮಣ್ಣು ಚೆನ್ನಾಗಿದ್ದಲ್ಲಿ ಉಳಿಯುವುದು ಎಲಾಸ್ಟಿಕ್ ಪಟ್ಟಿ ಮಾತ್ರ. ಇದನ್ನು ಹೇಳಿದ ಮೇಲೆ ನಿಮ್ಮ ಮಗು ಯಾವುದನ್ನು ಹೂಳಲು ಹಟ ಹಿಡಿಯುತ್ತದೆ ಎಂಬುದು ನಿಮಗೆ ಬಿಟ್ಟದ್ದು.

ಅಪಾರ್ಟ್‌ಮೆಂಟಿನಲ್ಲಿರುವವರು ದೊಡ್ಡ ಬಕೆಟಿನಲ್ಲಿ ಹೂಳಬಹುದು. ಅಂಗಡಿಯ ಮಣ್ಣಿಗೆ ಎರಡು ಬೊಗಸೆ ತೋಟದ ಮಣ್ಣು ಅಥವಾ ಕಾಂಪೋಸ್ಟ್ ಬೆರೆಸಿ, ಹದವಾಗಿ ತೇವ ಇರಲಿ.

ಅಜ್ಜಿಯ ಮನೆಯಲ್ಲೂ ಒಂದು ಗುಂಡಿ

ಇಲ್ಲಿ ಊರನ್ನು ಸೇರಿಸಿಕೊಳ್ಳಿ. ಅದೇ ದಿನ ಅಜ್ಜಿ ತಾತನ ಮನೆಯ ಹಿತ್ತಲಲ್ಲೂ ಅವೇ ತುಂಡುಗಳನ್ನು ಹೂಳಲು ಹೇಳಿ. ನೀವಲ್ಲ, ಮಗು ಹೇಳಬೇಕು. ಎಷ್ಟು ಅಳತೆ, ಎಷ್ಟು ಆಳ, ಎಂದು ತೆಗೆಯಬೇಕು ಎಂದು ವಿಡಿಯೊ ಕರೆಯಲ್ಲಿ ಅಜ್ಜಿಗೆ ಅರ್ಥವಾಗುವಂತೆ ವಿವರಿಸುವುದು ಮಗುವಿನ ಜವಾಬ್ದಾರಿ. ಮಾತು ಸಿಗದೆ ತಡವರಿಸಿದರೆ ಕೂಡಲೇ ಬಾಯಿ ಹಾಕಬೇಡಿ. ಅಜ್ಜಿ ಕೇಳಿಯೇ ಕೇಳುತ್ತಾರೆ:

"ಎಷ್ಟು ಆಳ ತೆಗೀಲಿ ಪುಟ್ಟಾ?"

"ಹತ್ತು ಸೆಂಟಿಮೀಟರ್, ಅಜ್ಜಿ."

"ಅದೆಲ್ಲ ನಂಗೊತ್ತಾಗಲ್ಲ ಮರಿ. ಗೇಣು ಲೆಕ್ಕದಲ್ಲಿ ಹೇಳು."

ಈಗ ಮಗುವಿಗೆ ಗೇಣು ಎಂದರೇನು ಎಂದು ತಿಳಿಯಲೇಬೇಕು. ಅಮ್ಮನ ಕೈ ಹಿಡಿದು ಅಳೆದು, ಅರ್ಧ ಗೇಣು ಎಂದು ಉತ್ತರ ಕೊಡಲೇಬೇಕು. ಪದ ಕಲಿಸಿದ್ದು ನೀವಲ್ಲ, ಕೆಲಸ.

ಎಂಟು ವಾರದ ನಂತರ ಎರಡೂ ಕಡೆಯ ತುಂಡುಗಳನ್ನು ಹೋಲಿಸಿದಾಗ ವಿಜ್ಞಾನ ತಾನಾಗಿ ಮಾತಾಡುತ್ತದೆ. ಒಂದೇ ಪತ್ರಿಕೆ, ಒಂದೇ ಅಳತೆ, ಆದರೆ ಎಡಿನ್‌ಬರೋದ ತಣ್ಣನೆಯ ಮಣ್ಣಿನಲ್ಲಿ ಒಂದು ಥರ, ಸಿಂಗಪುರದ ಬೆಚ್ಚನೆ ತೇವದಲ್ಲಿ ಇನ್ನೊಂದು ಥರ, ಮುಂಗಾರಿನ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಮತ್ತೊಂದು ಥರ. ಊರಿನ ಮಣ್ಣಿನಲ್ಲಿ ಗೆದ್ದಲು ಬಂದು ಕಾಗದವನ್ನು ವಾರದಲ್ಲೇ ಮುಗಿಸಿರಲೂಬಹುದು. ಬ್ರಿಟನ್ನಿನ ಹಿತ್ತಲಲ್ಲಿ ಬೆಳೆಯುವ ಮಗುವಿಗೆ ಗೆದ್ದಲು ಕಾಣಸಿಗುವುದಿಲ್ಲ. ಅದರ ಹುತ್ತವನ್ನು ಅಜ್ಜಿ ಫೋನಿನಲ್ಲಿ ತೋರಿಸಲಿ. "ಮಣ್ಣಾಗುತ್ತೆ" ಎಂಬ ಚೀಟಿಯ ಮಾತು ಎಷ್ಟು ಅರ್ಧಂಬರ್ಧ ಎಂದು ಮಗು ಅಂದು ಕಣ್ಣಾರೆ ಕಾಣುತ್ತದೆ. ಅಜ್ಜಿಯ ಬಳಿ ತನಗೆ ಬೇಕಾದ ಅಂಕಿ ಅಂಶ ಇದೆ, ಅದು ಕನ್ನಡದಲ್ಲಿ ಮಾತ್ರ ಸಿಗುತ್ತದೆ ಎಂಬುದೂ ತಿಳಿಯುತ್ತದೆ. ಊಟ ಆಯ್ತಾ, ಶಾಲೆಗೆ ಹೋದ್ಯಾ ಎಂಬಲ್ಲಿಗೆ ಮುಗಿಯುತ್ತಿದ್ದ ಕರೆಗೆ ಈಗ ವಿಷಯ ಸಿಕ್ಕಿದೆ.

ಗೆದ್ದ ಕುಂಡ ಯಾವುದು?

ಮಕ್ಕಳು ಕೇಳುವ ಪ್ರಶ್ನೆ ಇದು. ಉತ್ತರವನ್ನು ನೀವು ಕೊಡಬೇಡಿ. "ಯಾವ ಗಿಡಕ್ಕೆ? ಎಷ್ಟು ವಾರಕ್ಕೆ?" ಎಂದು ತಿರುಗಿ ಕೇಳಿ. ಮೂರು ವಾರದ ಸಾಸಿವೆ ಸೊಪ್ಪಿಗೆ ಪತ್ರಿಕೆ ಸಾಕು. ಉದ್ದ ಬೇರು ಬಿಡುವ ಹುರುಳಿಕಾಯಿಗೆ ಕೊಳವೆ ಒಳ್ಳೆಯದು. ಎರಡು ತಿಂಗಳು ಒಳಗೇ ಬೆಳೆಸಬೇಕಾದ ಬದನೆ, ಮೆಣಸಿನಕಾಯಿಗೆ ಹಾಳೆ ಅಥವಾ ನಾರು ತಾಳೀತು.

ಆಮೇಲೆ ಎರಡನೆಯ ಸುತ್ತು. ಒಂದೇ ಒಂದು ಅಂಶ ಬದಲಿಸಿ. ಗಂಜಿ ಕುಂಡದ ಹೊರಗೆ ಜೇನುಮೇಣ ತೆಳ್ಳಗೆ ಸವರಿದರೆ? ನೀರಿಗೆ ಹೆಚ್ಚು ತಾಳುತ್ತದೆ, ಹೂತಾಗ ನಿಧಾನವಾಗುತ್ತದೆ. ಎಷ್ಟು ನಿಧಾನ? ಅಳೆಯಿರಿ. ಮೇಣವನ್ನೂ ಸವರಿ, ಅಂಟನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ.

ಇನ್ನೊಂದು ಮಾತನ್ನು ಮಗುವಿನ ಮುಂದೆ ಪ್ರಾಮಾಣಿಕವಾಗಿ ಇಡಿ. ಮನೆಯಲ್ಲಿ ಈಗಾಗಲೇ ಇರುವ ಕಪ್ಪು ಕುಂಡವನ್ನು ತೊಳೆದು ಹತ್ತು ವರ್ಷ ಬಳಸಿದರೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ತೇವದ ಮಣ್ಣನ್ನು ಒತ್ತಿ ಇಟ್ಟಿಗೆಯಂತೆ ಮಾಡಿ, ಕುಂಡವೇ ಇಲ್ಲದೆ ಸಸಿ ಬೆಳೆಸುವ ಕ್ರಮವೂ ಇದೆ. ಪ್ರಾಜೆಕ್ಟಿನ ಕೊನೆಯಲ್ಲಿ "ನಮಗೆ ಹೊಸ ಕುಂಡ ಬೇಕಾಗಿರಲಿಲ್ಲ" ಎಂದು ಮಗು ಬರೆದರೆ ಅದು ಸೋಲಲ್ಲ, ಫಲಿತಾಂಶ.

ವಯಸ್ಸಿಗೆ ತಕ್ಕ ಮಾತು

ಐದರ ಒಳಗಿನವರಿಗೆ ಮುಟ್ಟಿ ತಿಳಿಯುವ ಪದಗಳು. ಇಂಗ್ಲಿಷಿನಲ್ಲಿ "ವೆಟ್" ಎಂದು ಮುಗಿಸುವುದಕ್ಕೆ ನಮ್ಮಲ್ಲಿ ತೇವ, ಹಸಿ, ಒದ್ದೆ, ತೊಪ್ಪೆ ಎಂದು ಮೆಟ್ಟಿಲುಗಳಿವೆ. ಇವುಗಳ ಜೊತೆ ಹದ ಎಂಬ ಪದವೂ ಬರಲಿ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು, ಅದು ಹದ. ಇದನ್ನು ವಿವರಿಸಿ ತಿಳಿಸಲಾಗದು, ಕೈಯಲ್ಲೇ ಕಲಿಯಬೇಕು.

ಆರರಿಂದ ಒಂಬತ್ತರವರಿಗೆ "-ಗಿಂತ" ಮತ್ತು "-ರೆ". "ಕಾಗದಕ್ಕಿಂತ ಹಾಳೆ ಗಟ್ಟಿ." "ನೀರು ಜಾಸ್ತಿ ಹಾಕಿದ್ರೆ ಬಿದ್ದೋಗುತ್ತೆ." ಅಪ್ಪಣೆಯ ಕನ್ನಡ ಮಾತ್ರ ಕೇಳಿ ಬೆಳೆಯುವ ಮಕ್ಕಳಿಗೆ ಇವೇ ಮೊದಲು ಕೈತಪ್ಪುವುದು. ಈ ಎರಡು ತಿಂಗಳಲ್ಲಿ ಅವು ದಿನಕ್ಕೆ ಹತ್ತು ಸಲ ಬೇಕಾಗುತ್ತವೆ.

ಹತ್ತು ದಾಟಿದವರಿಗೆ "ಯಾಕಂದ್ರೆ", "ಆದ್ರೂ", "ಅಂದ್ಕೊಂಡಿದ್ದೆ, ಆದರೆ". ವಾರಕ್ಕೆ ನಾಲ್ಕು ಸಾಲಿನ ದಿನಚರಿ ಬರೆಯಲಿ. ಕನ್ನಡ ಅಕ್ಷರ ಬಾರದಿದ್ದರೆ ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ನಡುವೆ ಇಂಗ್ಲಿಷ್ ಪದ ಬಂದರೆ ತಡೆಯಬೇಡಿ, ನಿಮ್ಮ ಮರುಮಾತಿನಲ್ಲಿ ಕನ್ನಡ ಪದ ಬರಲಿ.

ಸ್ವಲ್ಪ ಜಾಗ್ರತೆ

ಅಂಗಡಿಯ ಮಣ್ಣಿನ ಚೀಲವನ್ನು ಮುಖದಿಂದ ದೂರ ಹಿಡಿದು, ಗಾಳಿಯಾಡುವಲ್ಲಿ ತೆರೆಯಿರಿ. ಮೊದಲು ನೀರು ಚಿಮುಕಿಸಿ ದೂಳು ಅಡಗಿಸಿ. ಆಸ್ಟ್ರೇಲಿಯಾದಲ್ಲಿ ಈ ಚೀಲಗಳ ಮೇಲೆ ಲೀಜನೆಲ್ಲಾ ಬ್ಯಾಕ್ಟೀರಿಯಾದ ಎಚ್ಚರಿಕೆಯೇ ಇರುತ್ತದೆ. ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಗಂಜಿ ಕುಂಡಕ್ಕೆ ಬೂಷ್ಟು ಬರಬಹುದು. ಮನೆಯಲ್ಲಿ ಉಬ್ಬಸದವರಿದ್ದರೆ ಅದನ್ನು ಹೊರಗಿಡಿ. ಊರಿನಿಂದ ಮಣ್ಣು, ಬೀಜ, ಹೂತು ತೆಗೆದ ತುಂಡುಗಳನ್ನು ತರಿಸಿಕೊಳ್ಳಬೇಡಿ. ಫೋಟೊ ಸಾಕು. ರಜೆಗೆ ಹೋದವರು ಹಾಳೆಯ ತಟ್ಟೆ ತರುವುದಾದರೆ ವಿಮಾನ ನಿಲ್ದಾಣದ ಚೀಟಿಯಲ್ಲಿ ತಪ್ಪದೆ ಬರೆಯಿರಿ.

ಈ ವಾರಾಂತ್ಯ ಕುಂಡ ಮಾಡಿ, ಅದೇ ದಿನ ತುಂಡುಗಳನ್ನು ಹೂಳಿ, ಎರಡು, ನಾಲ್ಕು, ಎಂಟನೆಯ ವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎಂಟನೆಯ ವಾರದ ಚೌಕಗಳ ಲೆಕ್ಕವನ್ನು ನಿಮ್ಮ ಊರಿನ ಹೆಸರು, ಅಜ್ಜಿಯ ಊರಿನ ಹೆಸರಿನ ಜೊತೆ ನಮಗೆ ಕಳಿಸಿ. ಬರೆಯುವುದು ಮಕ್ಕಳೇ ಆಗಲಿ, ಕಾಗುಣಿತ ನೀವು ತಿದ್ದಬೇಡಿ. ಬಂದ ಲೆಕ್ಕಗಳನ್ನೆಲ್ಲ ಒಂದು ಪಟ್ಟಿ ಮಾಡಿ ಇದೇ ಅಂಕಣದಲ್ಲಿ ಹಾಕುತ್ತೇವೆ. ಒಂದೇ ಪತ್ರಿಕೆಯ ತುಂಡು ಎಷ್ಟು ಊರುಗಳಲ್ಲಿ ಎಷ್ಟು ಬೇಗ ಮಣ್ಣಾಯಿತು ಎಂದು ಎಲ್ಲರೂ ಸೇರಿ ನೋಡೋಣ.